ಯಾರೊಮಿರ್ ಯಾಗರ್ ಅವರ 1921 ಪಾಯಿಂಟ್: ಪ್ರತಿಭೆಯ ಫಲವೇ, ದೀರ್ಘಕಾಲ ಆಡಿದ್ದರ ಫಲವೇ?

ಪ್ರಶ್ನೆ: ಬೆಳ್ಳಿಗೆರೆ

ಉತ್ತರ ಅಮೆರಿಕದ ಎನ್‌ಎಚ್‌ಎಲ್ ಐಸ್ ಹಾಕಿ ಲೀಗಿನ ಸಾರ್ವಕಾಲಿಕ ಪಾಯಿಂಟ್ ಪಟ್ಟಿಯಲ್ಲಿ ವೇಯ್ನ್ ಗ್ರೆಟ್ಸ್ಕಿ 2857 ಪಾಯಿಂಟ್‌ಗಳೊಂದಿಗೆ ಮೊದಲ ಸ್ಥಾನದಲ್ಲಿದ್ದಾರೆ; ಜೆಕ್ ದೇಶದ ಫಾರ್ವರ್ಡ್ ಆಟಗಾರ ಯಾರೊಮಿರ್ ಯಾಗರ್ 1921 ಪಾಯಿಂಟ್‌ಗಳೊಂದಿಗೆ ಎರಡನೆಯವರು. ಹೊಸ ಓದುಗರಿಗಾಗಿ ಹೇಳುವುದಾದರೆ, ಗೋಲು ಹೊಡೆದವರಿಗೆ ಒಂದು ಪಾಯಿಂಟ್, ಆ ಗೋಲಿಗೆ ಮುಂಚೆ ಪಕ್ (ಆಟದ ರಬ್ಬರ್ ಬಿಲ್ಲೆ) ದಾಟಿಸಿಕೊಟ್ಟ ಗರಿಷ್ಠ ಇಬ್ಬರಿಗೆ ಅಸಿಸ್ಟ್ ಹೆಸರಿನಲ್ಲಿ ಒಂದೊಂದು ಪಾಯಿಂಟ್. ನಾನು ಈಗ ಇರುವ ಟೊರಾಂಟೊದಲ್ಲಿ ಯಾಗರ್ ಅವರ ಮಾತು ಬಂದಾಗಲೆಲ್ಲ ಸಹೋದ್ಯೋಗಿಗಳು, ಅವರು ನಲವತ್ತೈದು ದಾಟುವವರೆಗೂ 1733 ಪಂದ್ಯಗಳನ್ನು ಆಡಿದ್ದರಿಂದ ಅಷ್ಟು ಪಾಯಿಂಟ್ ಸೇರಿತು, ಅದರಲ್ಲಿ ಹೆಚ್ಚುಗಾರಿಕೆ ಏನೂ ಇಲ್ಲ ಎಂದು ತಳ್ಳಿಹಾಕುತ್ತಾರೆ. ಈ ವಾದದಲ್ಲಿ ಹುರುಳಿದೆಯೇ? 2008ರಲ್ಲಿ ಅವರು ರಷ್ಯಾದ ಓಮ್ಸ್ಕ್ ನಗರದ ತಂಡಕ್ಕೆ ಹೋಗಿ ಮೂರು ಋತುಗಳನ್ನು ಅಲ್ಲಿ ಕಳೆಯದೇ ಇದ್ದಿದ್ದರೆ ಲೆಕ್ಕ ಎಲ್ಲಿಗೆ ಮುಟ್ಟುತ್ತಿತ್ತು?

ಉತ್ತರ: ಅಂಕಿಗಾರ

ಒಟ್ಟು ಮೊತ್ತವನ್ನು ಬದಿಗಿಟ್ಟು ಅದನ್ನು ಎರಡು ಭಾಗ ಮಾಡಿ ನೋಡಿದರೆ ನಿಮ್ಮ ಸಹೋದ್ಯೋಗಿಗಳ ವಾದ ನಿಲ್ಲುವುದಿಲ್ಲ. 1990ರಿಂದ 2001ರವರೆಗೆ ಪಿಟ್ಸ್‌ಬರ್ಗ್ ಪೆಂಗ್ವಿನ್ಸ್ ತಂಡದಲ್ಲಿ ಅವರು 806 ಪಂದ್ಯಗಳಲ್ಲಿ 1079 ಪಾಯಿಂಟ್ ಗಳಿಸಿದರು. ಆ ತಂಡವನ್ನು ಬಿಟ್ಟಾಗ ಅವರಿಗೆ ಇಪ್ಪತ್ತೊಂಬತ್ತು ವರ್ಷ. ಅಲ್ಲಿಗೇ ಆಟ ನಿಲ್ಲಿಸಿದ್ದರೂ ದೊಡ್ಡ ಆಟಗಾರರ ಸಾಲಿನಲ್ಲಿ ಅವರ ಜಾಗಕ್ಕೆ ಧಕ್ಕೆ ಇರುತ್ತಿರಲಿಲ್ಲ, ಏಕೆಂದರೆ ಋತುವಿನ ಅತಿ ಹೆಚ್ಚು ಪಾಯಿಂಟ್‌ಗಳಿಗೆ ಸಲ್ಲುವ ಆರ್ಟ್ ರಾಸ್ ಪ್ರಶಸ್ತಿಯನ್ನು ಅವರು ಅಷ್ಟರಲ್ಲಿ ಐದು ಬಾರಿ (1995, ಮತ್ತು 1998ರಿಂದ 2001ರವರೆಗೆ ಸತತವಾಗಿ) ಗೆದ್ದಿದ್ದರು. ದೀರ್ಘಕಾಲ ಆಡಿದ್ದರ ಫಲ ಎನ್ನಬಹುದಾದದ್ದು ಉಳಿದ 927 ಪಂದ್ಯಗಳ 842 ಪಾಯಿಂಟ್‌ಗಳು ಮಾತ್ರ, ಅಲ್ಲಿಯೂ ಸರಾಸರಿ ಪಂದ್ಯಕ್ಕೆ ಒಂದರ ಸಮೀಪವೇ ಇದೆ.

ಕಾಲವನ್ನೂ ಗಣಿಸಬೇಕು. ಗ್ರೆಟ್ಸ್ಕಿ ದಾಖಲೆಗಳನ್ನು ಬರೆದ 1980ರ ದಶಕದ ಮೊದಲ ಭಾಗದಲ್ಲಿ ಎರಡೂ ತಂಡಗಳು ಸೇರಿ ಪಂದ್ಯವೊಂದಕ್ಕೆ ಸರಾಸರಿ ಎಂಟರ ಆಸುಪಾಸಿನಲ್ಲಿ ಗೋಲು ಹೊಡೆಯುತ್ತಿದ್ದವು. 1990ರ ದಶಕದ ಕೊನೆಗೆ ರಕ್ಷಣಾ ತಂತ್ರಗಳು ಬಿಗಿಯಾಗಿ, ಎದುರಾಳಿಯನ್ನು ಕೋಲಿನಿಂದ ತಡೆದು ಹಿಡಿಯುವುದನ್ನು ರೆಫರಿಗಳು ಸಹಿಸಿಕೊಂಡಿದ್ದರಿಂದ, ಆ ಸಂಖ್ಯೆ ಐದೂಕಾಲಿನ ಮಟ್ಟಕ್ಕೆ ಇಳಿದಿತ್ತು. 1997-98ರಲ್ಲಿ ಇಡೀ ಲೀಗಿನಲ್ಲಿ ನೂರು ಪಾಯಿಂಟ್ ಮುಟ್ಟಿದವರು ಯಾಗರ್ ಒಬ್ಬರೇ (102). ಮರುವರ್ಷ ಅವರು 127 ಪಾಯಿಂಟ್ ಗಳಿಸಿ, ಅತ್ಯಮೂಲ್ಯ ಆಟಗಾರನಿಗೆ ಸಲ್ಲುವ ಹಾರ್ಟ್ ಟ್ರೋಫಿಯನ್ನೂ ಪಡೆದರು. 1999-2000ರಲ್ಲಿ ಗಾಯಗಳಿಂದಾಗಿ 63 ಪಂದ್ಯಗಳನ್ನಷ್ಟೇ ಆಡಿದರೂ 96 ಪಾಯಿಂಟ್‌ಗಳೊಂದಿಗೆ ಅವರೇ ಮೊದಲಿಗರಾದರು. ನನ್ನ ದೃಷ್ಟಿಯಲ್ಲಿ ಇದು 149 ಪಾಯಿಂಟ್‌ಗಳ 1995-96ರ ಋತುವಿಗಿಂತಲೂ ದೊಡ್ಡ ಸಾಧನೆ.

ಇನ್ನು ತಪ್ಪಿಹೋದ ಪಂದ್ಯಗಳು. ಮಾಲೀಕರು ಮತ್ತು ಆಟಗಾರರ ಸಂಘದ ನಡುವಿನ ಲಾಕೌಟ್‌ಗಳಿಂದಾಗಿ 1994-95 ಮತ್ತು 2012-13ರ ಋತುಗಳು 48 ಪಂದ್ಯಗಳಿಗೆ ಇಳಿದವು, 2004-05ರದು ಪೂರ್ತಿ ರದ್ದಾಯಿತು. ಓಮ್ಸ್ಕ್‌ನ ಮೂರು ಋತುಗಳನ್ನು ಇದಕ್ಕೆ ಕೂಡಿಸಿದರೆ ಹತ್ತಿರ ಹತ್ತಿರ 400 ಪಂದ್ಯಗಳಾಗುತ್ತವೆ. ಪಂದ್ಯಕ್ಕೆ 0.9 ಪಾಯಿಂಟ್ ಎಂದು ಧಾರಾಳವಾಗಿ ಹಿಡಿದರೂ ಮೊತ್ತ 2280ನ್ನು ದಾಟದು, ಅಂದರೆ ಗ್ರೆಟ್ಸ್ಕಿ ಕೈಗೆಟುಕುತ್ತಲೇ ಇರಲಿಲ್ಲ. ಗೋಲುಗಳ ಮಾತು ಬೇರೆ. ಯಾಗರ್ ಅವರ ಗೋಲುಗಳು 766. ಆಯಾ ವರ್ಷಗಳ ಹಿಂದುಮುಂದಿನ ಸರಾಸರಿಯನ್ನು ನೋಡಿ ನಾನು ಮಾಡಿದ ಅಂದಾಜಿನಂತೆ ಇನ್ನೂ 140ರಷ್ಟು ಸೇರುತ್ತಿದ್ದವು, ಆಗ ಗ್ರೆಟ್ಸ್ಕಿ ಅವರ 894ನ್ನು ರಷ್ಯಾದ ಆಟಗಾರ ಓವೆಚ್ಕಿನ್ 2025ರಲ್ಲಿ ಮೀರುವುದಕ್ಕೆ ಎಷ್ಟೋ ಮೊದಲೇ ಯಾಗರ್ ಮೀರಿರುತ್ತಿದ್ದರು. ಒಂದೆರಡು ಗಾಯಗಳಾಗಿದ್ದರೂ ಈ ಲೆಕ್ಕ ಕುಸಿಯುತ್ತದೆ ಎಂಬುದನ್ನು ಮರೆಯದೆ ಓದಿಕೊಳ್ಳಿ.

ಉತ್ತರ: ಬಲಬದಿ

ಅಂಕಿಗಾರ ಅವರ ಲೆಕ್ಕವನ್ನು ಒಪ್ಪುತ್ತೇನೆ, ಆದರೆ ಅಷ್ಟು ವರ್ಷ ಆಡಲು ಸಾಧ್ಯವಾದದ್ದು ಹೇಗೆ ಎಂಬುದೇ ನನಗೆ ಮುಖ್ಯವಾದ ಪ್ರಶ್ನೆ. ವೇಗವನ್ನೇ ನಂಬಿದ ಫಾರ್ವರ್ಡ್‌ಗಳು ಮೂವತ್ತೆರಡು ಮೂವತ್ಮೂರಕ್ಕೆ ಮಂಕಾಗುವುದು ಸಾಮಾನ್ಯ. ಯಾಗರ್ ಎಳೆಯ ವಯಸ್ಸಿನಲ್ಲಿ ವೇಗವುಳ್ಳವರೇ ಆಗಿದ್ದರೂ ಅವರ ಆಟದ ಬುನಾದಿ ಬೇರೆಯದು. ಆರಡಿ ಮೂರಂಗುಲದ ಆಳು. ರಿಂಕಿನ ಅಂಚಿನ ಬೋರ್ಡಿನ ಬಳಿ ಕಾಲುಗಳನ್ನು ಅಗಲಿಸಿ, ಸೊಂಟವನ್ನು ತಗ್ಗಿಸಿ, ಬೆನ್ನನ್ನು ಎದುರಾಳಿಯತ್ತ ಕೊಟ್ಟು ನಿಂತರೆ ಪಕ್ ಅವರ ಉದ್ದನೆಯ ಕೋಲಿನ ತುದಿಯಲ್ಲಿ, ಯಾರ ಕೈಗೂ ಸಿಗದಷ್ಟು ದೂರದಲ್ಲಿರುತ್ತಿತ್ತು. ಎದುರಾಳಿ ಒತ್ತಿದಷ್ಟೂ ಆ ಒತ್ತಡವನ್ನೇ ಬಳಸಿಕೊಂಡು ಅವರು ತಿರುಗಿ ಗೋಲಿನತ್ತ ನುಗ್ಗುತ್ತಿದ್ದರು. ಎಡಗೈ ಹೊಡೆತದವರಾಗಿ ಬಲ ಬದಿಯಲ್ಲಿ ಆಡುತ್ತಿದ್ದುದರಿಂದ, ಒಳಕ್ಕೆ ತಿರುಗಿದ ಕೂಡಲೇ ಕೋಲು ಗೋಲಿನ ಎದುರಿಗೇ ತೆರೆದುಕೊಳ್ಳುತ್ತಿತ್ತು. ವಯಸ್ಸಿನೊಂದಿಗೆ ಕಾಲಿನ ವೇಗ ತಗ್ಗಿದರೂ ಸೊಂಟದ ಬಲ ಮತ್ತು ಎತ್ತ ತಿರುಗಬೇಕೆಂಬ ಅಂದಾಜು ಅಷ್ಟು ಬೇಗ ತಗ್ಗುವುದಿಲ್ಲ.

ಅದಕ್ಕಾಗಿ ಅವರು ದುಡಿದದ್ದೂ ಕಡಿಮೆಯಲ್ಲ. ಪಂದ್ಯ ಮುಗಿದ ರಾತ್ರಿಗಳಲ್ಲಿ ಭಾರದ ಜಾಕೆಟ್ ಧರಿಸಿ ಒಬ್ಬರೇ ಸ್ಕೇಟ್ ಮಾಡುತ್ತಿದ್ದುದು ತಂಡತಂಡಗಳಲ್ಲಿ ಮನೆಮಾತಾಗಿತ್ತು. ಫಲ 2015-16ರಲ್ಲಿ ಕಂಡಿತು: ಫ್ಲಾರಿಡಾ ಪ್ಯಾಂಥರ್ಸ್ ಪರವಾಗಿ, ಮಕ್ಕಳ ವಯಸ್ಸಿನ ಬಾರ್ಕೊವ್ ಮತ್ತು ಹ್ಯೂಬರ್ಡೊ ಅವರ ಜೊತೆ ಒಂದೇ ಸಾಲಿನಲ್ಲಿ ಆಡಿ, ನಲವತ್ನಾಲ್ಕು ತುಂಬಿದ ಆ ಋತುವಿನಲ್ಲಿ 66 ಪಾಯಿಂಟ್‌ಗಳೊಂದಿಗೆ ತಂಡದಲ್ಲಿ ಮೊದಲಿಗರಾದರು. ಆ ವಯಸ್ಸಿಗೂ ಅವರು ಹೊಸ ಪೀಳಿಗೆಯ ಆಟದ ನಡುವೆ ಹೊರೆಯಾಗಿರಲಿಲ್ಲ.

ಉತ್ತರ: ಮೂರನೇ ಪೀರಿಯಡ್

ಹೊಗಳಿಕೆಯ ನಡುವೆ ವಾಷಿಂಗ್ಟನ್ ಅಧ್ಯಾಯವನ್ನು ಇಬ್ಬರೂ ಬಿಟ್ಟಿದ್ದೀರಿ. 2001ರಲ್ಲಿ ಕ್ಯಾಪಿಟಲ್ಸ್ ತಂಡಕ್ಕೆ ಹೋದ ಮೇಲೆ ಏಳು ವರ್ಷಕ್ಕೆ 7.7 ಕೋಟಿ ಡಾಲರ್‌ಗಳ ಒಪ್ಪಂದ ಪಡೆದ ಆಟಗಾರ 121 ಪಾಯಿಂಟ್‌ಗಳಿಂದ 79ಕ್ಕೆ, ಮತ್ತೆ 77ಕ್ಕೆ ಇಳಿದರು. 2004ರ ಜನವರಿಯಲ್ಲಿ ತಂಡ ಅವರನ್ನು ನ್ಯೂಯಾರ್ಕ್ ರೇಂಜರ್ಸ್‌ಗೆ ಬಿಟ್ಟುಕೊಟ್ಟಿತು. ಸುತ್ತಲಿನವರು ಸರಿಹೊಂದದಿದ್ದರೆ ಅವರೂ ಸಾಧಾರಣ ಆಟಗಾರರಾಗಬಲ್ಲವರಾಗಿದ್ದರು ಎಂಬುದಕ್ಕೆ ಇದೇ ಸಾಕ್ಷಿ. ಪಿಟ್ಸ್‌ಬರ್ಗ್ ಗೆದ್ದ 1991 ಮತ್ತು 1992ರ ಸ್ಟ್ಯಾನ್ಲಿ ಕಪ್‌ಗಳಲ್ಲೂ (ಲೀಗಿನ ಚಾಂಪಿಯನ್ ಪಟ್ಟ) ತಂಡದ ನಾಯಕ ಮಾರಿಯೊ ಲೆಮ್ಯೂ ಅವರ ನೆರಳು ದೊಡ್ಡದು. ಹದಿನೆಂಟರ ಹುಡುಗ ಮನೆಯ ನೆನಪಿನಲ್ಲಿ ಕುಗ್ಗುವುದನ್ನು ಕಂಡು ಪಿಟ್ಸ್‌ಬರ್ಗ್ ತಂಡ ಅವರ ಭಾಷೆಯನ್ನೇ ಆಡುವ ಯಿರ್ಜಿ ಹ್ರ್ಡಿನಾ ಅವರನ್ನು 1990ರ ಡಿಸೆಂಬರಿನಲ್ಲಿ ಕರೆಸಿಕೊಂಡಿತು. ಆ ಕಾಳಜಿ ಇಲ್ಲದಿದ್ದರೆ ಮೊದಲ ಋತು ಹೇಗಿರುತ್ತಿತ್ತೋ.

ಪ್ರಶ್ನೆ ಕೇಳಿದವರು: ಬೆಳ್ಳಿಗೆರೆ

ಎಲ್ಲರಿಗೂ ವಂದನೆಗಳು. ಹಾಗಿದ್ದರೆ ರೇಂಜರ್ಸ್‌ನಲ್ಲಿ ಆದದ್ದೇನು? ಮತ್ತು 68 ಎಂಬ ಅಂಗಿಯ ಸಂಖ್ಯೆ ಪ್ರಾಗ್‌ನ ಇತಿಹಾಸಕ್ಕೆ ಸಂಬಂಧಿಸಿದ್ದು ಎನ್ನುತ್ತಾರೆ, ನಿಜವೇ?

ಉತ್ತರ: ಅಂಕಿಗಾರ

ನಿಜ. 1968ರಲ್ಲಿ ಸೋವಿಯತ್ ನೇತೃತ್ವದ ಸೇನೆಗಳು ಚೆಕೊಸ್ಲೊವಾಕಿಯಾಕ್ಕೆ ನುಗ್ಗಿದವು, ಜಮೀನು ಒಪ್ಪಿಸಲು ನಿರಾಕರಿಸಿ ಕಮ್ಯುನಿಸ್ಟ್ ಆಡಳಿತದಲ್ಲಿ ಜೈಲು ಕಂಡಿದ್ದ ಅವರ ಅಜ್ಜ ತೀರಿಕೊಂಡದ್ದೂ ಅದೇ ವರ್ಷ. ಪೆಂಗ್ವಿನ್ಸ್ ತಂಡ 2024ರ ಫೆಬ್ರವರಿಯಲ್ಲಿ ಆ ಸಂಖ್ಯೆಯನ್ನು ಗೌರವಾರ್ಥ ನಿವೃತ್ತಿಗೊಳಿಸಿತು. ಆಗ ಅವರು ತಾವೇ ಮಾಲೀಕರಾಗಿದ್ದ ತವರಿನ ಕ್ಲಾಡ್ನೊ ತಂಡದಲ್ಲಿ ಇನ್ನೂ ಆಡುತ್ತಿದ್ದರು.

ರೇಂಜರ್ಸ್ ವಿಷಯ: ಲಾಕೌಟ್ ಮುಗಿದ ಮೇಲೆ ಲೀಗ್ ತಡೆದು ಹಿಡಿಯುವ ಆಟಕ್ಕೆ ಕಟ್ಟುನಿಟ್ಟಾಗಿ ದಂಡ ವಿಧಿಸತೊಡಗಿತು, ತಂಡವೂ ಅವರ ಸುತ್ತ ಹಲವು ಜೆಕ್ ಆಟಗಾರರನ್ನು ಕಲೆಹಾಕಿತ್ತು. 2005-06ರಲ್ಲಿ ಅವರು ಹೊಡೆದ 54 ಗೋಲು ಮತ್ತು ಗಳಿಸಿದ 123 ಪಾಯಿಂಟ್ ಎರಡೂ ಆ ತಂಡದ ದಾಖಲೆಗಳಾದವು. ಜೋ ಥಾರ್ನ್‌ಟನ್ 125 ಗಳಿಸಿದ್ದರಿಂದ ಆರನೆಯ ಆರ್ಟ್ ರಾಸ್ ಎರಡೇ ಪಾಯಿಂಟ್‌ಗಳಲ್ಲಿ ತಪ್ಪಿತು, ಯಾಗರ್ ಅವರಿಗೆ ಎರಡನೆಯದಾಗಬಹುದಿದ್ದ ಹಾರ್ಟ್ ಕೂಡ ಥಾರ್ನ್‌ಟನ್ ಅವರಿಗೇ ಹೋಯಿತು. ಸುತ್ತಲಿನವರು ಮುಖ್ಯ ಎಂಬ ಮೂರನೇ ಪೀರಿಯಡ್ ಅವರ ಮಾತಿಗೆ ಆ ಋತುವೂ ಪುಷ್ಟಿ ಕೊಡುತ್ತದೆ ಎನ್ನುವುದನ್ನು ನಾನು ಅಲ್ಲಗಳೆಯಲಾರೆ.