‘ಹೊಂದಾಣಿಕೆ’ಗೆ ಬದಲು ಯಾವ ಪದ?

ಎಲ್ಲರಿಗೂ ನಮಸ್ಕಾರ.

ಒಂದು ಪದಕ್ಕೆ ಸಿಕ್ಕಿ ಒದ್ದಾಡುತ್ತಿದ್ದೇನೆ. ಮಳೆ ಹಿಂದುಮುಂದಾಗುತ್ತಿರುವ ಈ ಕಾಲದಲ್ಲಿ ಬೇಸಾಯ ಹೇಗೆ ಮಾಡಬೇಕು, ನೀರು ಹೇಗೆ ಉಳಿಸಬೇಕು ಅಂತ ರೈತರಿಗೆ ಹೇಳುವ ಕರಪತ್ರವೊಂದು ತಿದ್ದೋದಕ್ಕೆ ಬಂದಿದೆ. ತಲೆಬರಹ ಹೀಗಿದೆ: ‘ಹವಾಮಾನ ವೈಪರೀತ್ಯಕ್ಕೆ ದುರ್ಬಲ ರೈತರ ಹೊಂದಾಣಿಕೆ’. ಶಿರಾ ಕಡೆ ಇರುವ ನಮ್ಮ ದೊಡ್ಡಪ್ಪನಿಗೆ ಓದಿ ಹೇಳಿದೆ. ಎಲೆಗೆ ಸುಣ್ಣ ಹಚ್ಚುತ್ತಿದ್ದವರು ತಲೆ ಎತ್ತದೆ, ‘ಹೊಂದಾಣಿಕೆ ಯಾರ ಜೊತೆಲಪ್ಪ, ಮಳೆ ಜೊತೆಗೋ ಬ್ಯಾಂಕಿನೋರ ಜೊತೆಗೋ?’ ಅಂದರು.

ಸರಿಯಾಗೇ ಕೇಳಿದರು ಅಲ್ವಾ? ಹೊಂದಾಣಿಕೆ ಅನ್ನೋದು ಗಂಡ ಹೆಂಡತಿ ನಡುವೆ, ಚುನಾವಣೆ ಹೊತ್ತಿಗೆ ಪಕ್ಷಗಳ ನಡುವೆ. ಎರಡೂ ಕಡೆಯವರು ಸ್ವಲ್ಪ ಸ್ವಲ್ಪ ಬಿಟ್ಟುಕೊಡಬೇಕು. ಮಳೆ ಏನು ಬಿಟ್ಟುಕೊಡುತ್ತದೆ? ‘ಒಗ್ಗಿಕೊಳ್ಳೋದು’ ಅಂತ ಬರೆದು ನೋಡಿದೆ, ಕಷ್ಟಕ್ಕೆ ಒಗ್ಗಿಹೋಗಿ ಸುಮ್ನೆ ಕೂರಿ ಅಂದಹಾಗೆ ಕೇಳಿಸಿತು.

‘ದುರ್ಬಲ’ ಇನ್ನೂ ಕೆಟ್ಟದ್ದು. ಈ ವಯಸ್ಸಿನಲ್ಲೂ ಗುದ್ದಲಿ ಹಿಡಿದು ಬದು ಹಾಕುವ ದೊಡ್ಡಪ್ಪನ ಮುಂದೆ ಆ ಪದ ಓದೋದಕ್ಕೇ ನಾಚಿಕೆಯಾಯಿತು. ‘ಸಣ್ಣ, ಅತಿ ಸಣ್ಣ’ ಅನ್ನೋಣ ಅಂದರೆ ಅದು ಬರೀ ಹಿಡುವಳಿ ಲೆಕ್ಕ: 1 ಹೆಕ್ಟೇರಿನ ಒಳಗಿದ್ದರೆ ಅತಿ ಸಣ್ಣ, 2ರ ಒಳಗಿದ್ದರೆ ಸಣ್ಣ. ಎಂಟೆಕರೆ ಖುಷ್ಕಿ, ಅಂದರೆ ಮಳೆ ನೀರಿನ ಜಮೀನು ಇಟ್ಟುಕೊಂಡು ಬೋರು ಬತ್ತಿ ಕೂತವನಿಗಿಂತ, ತುಂಬಿದ ಕೆರೆಯ ಅಚ್ಚುಕಟ್ಟಿನಲ್ಲಿ ಒಂದೆಕರೆ ಇರುವವನೇ ಎಷ್ಟೋ ವಾಸಿ. ಸದ್ಯಕ್ಕೆ ‘ಮಳೆ ನಂಬಿದವರು’ ಅಂತ ಹಾಕಿದ್ದೇನೆ. ಆದರೆ ಬೇರೆಯವರ ಹೊಲವನ್ನು ವಾರಕ್ಕೆ (ಬೆಳೆಯಲ್ಲಿ ಪಾಲು ಕೊಟ್ಟು) ಮಾಡುವವರು, ಹೊಲದ ಕೆಲಸವೆಲ್ಲ ಮಾಡಿಯೂ ಪಹಣಿಯಲ್ಲಿ ಹೆಸರಿಲ್ಲದ ಹೆಂಗಸರು, ಇವರಿಗೆ ಪೆಟ್ಟು ಜಾಸ್ತಿ. ಅವರೂ ಇದರೊಳಗೆ ಬರುತ್ತಾರಾ? ನನಗೆ ಸಮಾಧಾನವಿಲ್ಲ.

ಒಳಗಡೆ ಹೋದರೆ ಇನ್ನೊಂದು ತಮಾಷೆ. ‘ಮಿಶ್ರ ಬೆಳೆ ಪದ್ಧತಿಯನ್ನು ಅಳವಡಿಸಿಕೊಳ್ಳಿ’ ಅಂತಿದೆ. ದೊಡ್ಡಪ್ಪ, ‘ಅಕ್ಕಡಿ ಇಡಿ ಅಂತ ಹೇಳೋಕೆ ಇಷ್ಟುದ್ದ ಯಾಕೆ?’ ಅಂದರು. ರಾಗಿ ಹೊಲದಲ್ಲಿ ಕೆಲವು ಸಾಲಿಗೊಂದರಂತೆ ಅವರೆ, ತೊಗರಿ, ಹುಚ್ಚೆಳ್ಳು ಇಡುತ್ತಾರಲ್ಲ, ಅದೇ ಅಕ್ಕಡಿ ಸಾಲು. ರಾಗಿ ಕೊಯ್ದ ಮೇಲೂ ಅವರೆ, ತೊಗರಿ ಹೊಲದಲ್ಲೇ ಇರುತ್ತವೆ, ರಾಗಿ ಕೈಕೊಟ್ಟ ವರ್ಷ ಸಾರಿಗಾದರೂ ಕಾಳು ಸಿಗುತ್ತದೆ. ಕರಪತ್ರ ಹೇಳಲು ಹೊರಟಿರುವುದೆಲ್ಲ ಆ ಒಂದು ಪದದಲ್ಲಿದೆ, ಆದರೆ ಬರೆದವರಿಗೆ ಅದು ಹಳ್ಳಿ ಮಾತು ಅನ್ನಿಸಿರಬೇಕು.

ಹಾಗಂತ ಹೊಸ ಪದವೆಲ್ಲ ಬೇಡ ಅಂತ ನಾನು ಹೇಳುತ್ತಿಲ್ಲ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ‘ಕೃಷಿ ಹೊಂಡ’ ಎಲ್ಲರ ಬಾಯಿಗೂ ಬಂತು. ಮಳೆ ನೀರು ಹಿಡಿದಿಡೋದಕ್ಕೆ ಕಣ್ಣೆದುರಿಗೆ ಹೊಂಡ ತೋಡಿ ಪ್ಲಾಸ್ಟಿಕ್ ಹೊದಿಸಿದರೆ ಪದ ತಾನಾಗೇ ನಿಲ್ಲುತ್ತದೆ. ‘ಅಲ್ಪಾವಧಿ ತಳಿ’ ಮಾತ್ರ ಇವತ್ತಿಗೂ ಕರಪತ್ರದಲ್ಲೇ ಉಳಿದಿದೆ. ಮಳೆ ತಡವಾದರೆ ಎಂ.ಆರ್.-1ರಂಥ ನಾಲ್ಕು ತಿಂಗಳ ರಾಗಿ ಬಿಟ್ಟು ಬೇಗ ಬರುವ ರಾಗಿ ಹಾಕಿ ಅಂದರೆ ಎಲ್ಲರಿಗೂ ತಿಳಿಯುತ್ತದೆ. ‘ಜುಲೈ ಎರಡನೇ ವಾರ’ ಅನ್ನುವ ಕಡೆ, ರೈತರು ಮಳೆ ಎಣಿಸುವ ನಕ್ಷತ್ರದ ಲೆಕ್ಕದಲ್ಲಿ ‘ಪುನರ್ವಸು ಮಳೆ’ ಅಂತಲೂ ಸೇರಿಸಿದ್ದೇನೆ. ‘ನೀರು ನಿರ್ವಹಣೆ’ಗೆ ಏನು ಮಾಡಲಿ? ನಮ್ಮ ಕಡೆ ನೀರು ಕಟ್ಟೋದು ಅಂತಾರೆ, ಕೆರೆ ತೂಬು ಎತ್ತಿ ಸರದಿ ಪ್ರಕಾರ ಗದ್ದೆಗೆ ನೀರು ಬಿಡುವ ನೀರುಗಂಟಿ ಇದ್ದ. ಆ ಕೆಲಸಕ್ಕೆ ಒಂದು ಹೆಸರು ಇದ್ದಿರಲೇಬೇಕು, ‘ನೀರುಗಂಟಿಕೆ’ ಅಂತ ಯಾರಾದರೂ ಕೇಳಿದ್ದೀರಾ?

ತಲೆಬರಹಕ್ಕೆ ‘ಬದಲಾದ ಮಳೆಗೆ ತಕ್ಕ ಬೇಸಾಯ’ ಅಂತ ಬರೆದಿಟ್ಟಿದ್ದೇನೆ. ಬಿಸಿಲು, ಇಬ್ಬನಿ, ಹೊಸ ಹುಳು ಇದರಲ್ಲಿ ಬಿಟ್ಟುಹೋಗುತ್ತವೆ ಅನ್ನೋದು ಗೊತ್ತು. ಇದಕ್ಕಿಂತ ಚೆನ್ನಾಗಿರೋದು ಇದ್ದರೆ ಕೊಡಿ. ಧಾರವಾಡ, ಗದಗ, ವಿಜಯಪುರದ ಕಡೆಯವರು ದಯವಿಟ್ಟು ತಿಳಿಸಿ, ಜೋಳದ ಹೊಲದಲ್ಲೂ ಅಕ್ಕಡಿ ಅಂದರೆ ಇದೇನಾ, ಬೇರೆಯಾ? ಶುಕ್ರವಾರ ಅಚ್ಚಿಗೆ ಹೋಗುತ್ತದೆ.