ಬಾಡಿಗೆ ಮನೆಗೆ ಜೋಡಿಸೋ ಫರ್ನಿಚರ್ ಆಗುತ್ತಾ? ದಾವಣಗೆರೆ, ದುರ್ಗದವರು ಅನುಭವ ಹೇಳ್ರಿ

ವಿದ್ಯಾನಗರ, ದಾವಣಗೆರೆ (ಕೇಳಿದವರು)
ಬ್ಯಾಂಕ್ ಕೆಲಸ, ಮೂರು ವರ್ಷಕ್ಕೊಮ್ಮೆ ವರ್ಗಾವಣೆ. ಮೊದಲ ಮಹಡೀಲಿ ಎರಡು ರೂಮಿನ ಬಾಡಿಗೆ ಮನೆ ಹಿಡಿದಿದೀವಿ. ಮಂಚ, ವಾರ್ಡ್‌ರೋಬ್, ಟಿವಿ ಸ್ಟ್ಯಾಂಡ್, ಓದೋಕೊಂದು ಟೇಬಲ್ ಬೇಕು. ಕೈಯಲ್ಲಿರೋದು 60,000. ಬಿಡಿಬಿಡಿಯಾಗಿ ಬಂದು ಮನೇಲೇ ಜೋಡಿಸೋ ಫರ್ನಿಚರ್ ಆದರೆ ಅಷ್ಟರಲ್ಲೇ ಮುಗಿಯುತ್ತೆ. ಅಮ್ಮ ಮಾತ್ರ ‘ರಟ್ಟಿನ ಮಂಚ ತರ್ತೀಯೇನೋ, ನಿಮ್ಮಜ್ಜನ ಸಾಗುವಾನಿ ಮಂಚ ಊರಾಗೆ ಬಿದ್ದೈತಲ್ಲ’ ಅಂತಿದಾರೆ. ಬಳಸಿದವರು ಇದ್ದದ್ದು ಇದ್ದಂಗೆ ಹೇಳ್ರಿ.

ನಿಟುವಳ್ಳಿ
ಒಂಬತ್ತು ವರ್ಷದಲ್ಲಿ ಮೂರು ಮನೆ ಕಂಡಿದೀನಿ, ಹಂಗಾಗಿ ಉದ್ದ ಬರೀತೀನಿ.

ವಾರ್ಡ್‌ರೋಬಿಗೆ ನಾವು ಕೊಟ್ಟಿದ್ದು 12,500. ಬಡಗಿ ಹೇಳಿದ್ದು 38,000. ಎರಡನೇ ಮಾತಿಲ್ಲದೆ ಆನ್‌ಲೈನ್ ಅಂದ್ವಿ. ಮೊದಲನೇ ಮನೇಲಿ ಎರಡೂವರೆ ವರ್ಷ ಅದರದ್ದು ಒಂದು ತಕರಾರಿಲ್ಲ. ಬಾಗಿಲು ನೆಟ್ಟಗೆ, ಕನ್ನಡಿ ಚೆಂದ, ಬಂದವರೆಲ್ಲ ‘ಎಷ್ಟಾತು?’ ಅಂತ ಕೇಳೋರೇ. ಕಥೆ ಶುರುವಾಗಿದ್ದು ಮನೆ ಬದಲಿಸಿದ ದಿನ. ಬಿಚ್ಚಿ ಜೋಡಿಸಬಹುದು ಅಂತಲೇ ಮಾರ್ತಾರಲ್ಲ, ಆ ಮಾತು ಅರ್ಧ ಮಾತ್ರ ನಿಜ. ಒಳಗಿರೋದು ಪಾರ್ಟಿಕಲ್ ಬೋರ್ಡ್, ಮರದ ಚೂರು, ಹೊಟ್ಟಿಗೆ ಅಂಟು ಹಾಕಿ ಬಿಸಿಯಲ್ಲಿ ಒತ್ತಿದ ಹಲಗೆ. ಅದರಲ್ಲಿ ಸ್ಕ್ರೂ ಮೊದಲ ಸಲ ಕಚ್ಚಿದಂಗೆ ಎರಡನೇ ಸಲ ಕಚ್ಚಲ್ಲ. ಬಾಗಿಲು ಬಿಚ್ಚಿದರೆ ಹಿಂಜಿನ ತೂತಿನಿಂದ ಗೋಧಿ ರವೆ ಥರ ಪುಡಿ ಸುರೀತು. ಹೊಸ ಮನೇಲಿ ಬಾಗಿಲು ನಿಲ್ಲಲೇ ಇಲ್ಲ. ಕೊನೆಗೆ ನಮ್ಮ ಮಾವ ಬೆಂಕಿಕಡ್ಡಿಗಳ ತಲೆ ಮುರಿದು, ಫೆವಿಕಾಲ್ ಹಚ್ಚಿ ತೂತಿಗೆ ತುರುಕಿದರು. ರಾತ್ರಿ ಒಣಗೋಕೆ ಬಿಟ್ಟು ಬೆಳಿಗ್ಗೆ ಅದೇ ಸ್ಕ್ರೂ ಹಾಕಿದರು. ಇವತ್ತಿಗೂ ಆ ಕಡ್ಡಿ ಮೇಲೇ ನಿಂತಿದೆ ಬಾಗಿಲು. ಮೂರನೇ ಮನೆಗೆ ಬಿಚ್ಚೋ ಗೋಜಿಗೇ ಹೋಗಲಿಲ್ಲ, ನಾಲ್ಕು ಜನ ಎತ್ತಿ ಹಂಗೇ ಟಾಟಾ ಏಸಿಗೆ ಏರಿಸಿದರು. ಎತ್ತಬೇಕು, ಎಳೀಬಾರದು. ಎಳೆದರೆ ಬುಡದ ಜಾಯಿಂಟ್ ಸಡಿಲ ಆಗೋದು ಗ್ಯಾರಂಟಿ.

ಇನ್ನು ನೀರು. ನಮ್ಮ ಕಡೆ ಹಬ್ಬಕ್ಕೆ ನೆಲ ಒರೆಸೋದಲ್ಲ, ತೊಳೆಯೋದು. ಯುಗಾದಿ ಹಿಂದಿನ ದಿನ ಬಕೆಟ್‌ಗಟ್ಟಲೆ ಸುರಿದು ಪೊರಕೇಲಿ ತಳ್ಳಿದ್ವಿ, ಟಿವಿ ಸ್ಟ್ಯಾಂಡಿನ ಕೆಳಗೆ ನಿಂತ ನೀರು ಯಾರಿಗೂ ಕಾಣಲಿಲ್ಲ. ನಾಲ್ಕೈದು ದಿನಕ್ಕೆ ಅಂಚಿನ ಪಟ್ಟಿ ಬಾಯಿ ಬಿಟ್ಟು, ಒಳಗಿನ ಹಲಗೆ ಭಟ್ಟಿಯಿಂದ ಈಗಷ್ಟೇ ತೆಗೆದ ಮಂಡಕ್ಕಿ ಥರ ಅರಳಿಕೊಂಡಿತ್ತು. ಒಣಗಿದ ಮೇಲೂ ಅದು ಮೊದಲಿನಂಗೆ ಕೂರಲ್ಲ. ಈಗ ಎಲ್ಲದರ ಕಾಲಿಗೂ ರಬ್ಬರ್ ಬುಷ್ ಹಾಕಿದೀನಿ.

ಮಂಚಕ್ಕೆ ಮಾತ್ರ ನಿಮ್ಮಮ್ಮನ ಕಡೆ ನಾನು. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂತು ಅಂದರೆ ದಾವಣಗೆರೇಲಿ ಮನೆ ಇರೋರಿಗೆಲ್ಲ ನೆಂಟರು ಇರೋದೇ. ನಾಲ್ಕೈದು ಜನ ದೊಡ್ಡೋರು ಮಂಚದ ಒಂದೇ ಅಂಚಲ್ಲಿ ಸಾಲಾಗಿ ಕೂತು ಮಾತಿಗೆ ಬಿದ್ದರು, ನಮ್ಮ ಮಂಚದ ಪಕ್ಕದ ಪಟ್ಟಿ ಬೋಲ್ಟ್ ಹತ್ರ ಸೀಳಿತು. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಅಜ್ಜನ ಮಂಚ ತರಿಸ್ರಿ. ಯೋಚನೆ ಮಾಡಿದರೆ ಅದೂ ಬಿಚ್ಚಿ ಜೋಡಿಸೋದೇ ಅಲ್ವಾ? ತಲೆಕಡೆ ಒಂದು, ಕಾಲಕಡೆ ಒಂದು, ಎರಡು ಪಟ್ಟಿ, ನಾಲ್ಕು ಬೋಲ್ಟ್. ಎಷ್ಟು ವರ್ಗಾವಣೆ ಆದರೂ ತಡೆಯುತ್ತೆ.

ಮೆದೇಹಳ್ಳಿ ರಸ್ತೆ, ಚಿತ್ರದುರ್ಗ
ನಮ್ಮದು ಹಳೆಯ ಮನೆ, ಶತ್ರು ನೀರಲ್ಲ, ಗೆದ್ದಲು. ಪುಸ್ತಕದ ಕಪಾಟನ್ನು ಗೋಡೆಗೆ ಒತ್ತಿ ಇಟ್ಟಿದ್ದೆವು. ಹಿಂದಿನ ತೆಳು ಹಲಗೆಯನ್ನು ತಿಂದು ಪುಸ್ತಕದವರೆಗೂ ಬಂದ ಮೇಲೆ ಗೊತ್ತಾಯಿತು. ಗೋಡೆಯಿಂದ ನಾಲ್ಕು ಬೆರಳು ದೂರ ಇಡಿ, ತಿಂಗಳಿಗೊಮ್ಮೆ ಟಾರ್ಚ್ ಹಾಕಿ ನೋಡಿ. ಮೂರಡಿ ಉದ್ದದ ಅಡ್ಡಹಲಗೆ ಪುಸ್ತಕದ ಭಾರಕ್ಕೆ ನಡುವೆ ಬಾಗುತ್ತದೆ. ನಾನು ವರ್ಷಕ್ಕೊಮ್ಮೆ ತಿರುವಿ ಹಾಕುತ್ತೇನೆ.

ಸ್ವಂತ ಮನೆ ಕಟ್ಟಿಸುವವರಿಗೆ ಒಂದು ಮಾತು: ಗೋಡೆಯಲ್ಲೇ ಕಡಪ ಕಲ್ಲಿನ ಹಲಗೆ ಕೂರಿಸಿ, ಮುಂದೆ ಬಾಗಿಲು ಮಾತ್ರ ಮಾಡಿಸಿ. ಅಡುಗೆಮನೆಗೆ ಇದಕ್ಕಿಂತ ಅಗ್ಗದ ಮಾಡ್ಯುಲರ್ ನಾನು ಕಂಡಿಲ್ಲ. ಕಲ್ಲು ಉಬ್ಬುವುದಿಲ್ಲ, ಗೆದ್ದಲೂ ತಿನ್ನುವುದಿಲ್ಲ.

ಪಿ.ಬಿ. ರಸ್ತೆ, ದಾವಣಗೆರೆ
ಪ್ಲೈವುಡ್ ಅಂಗಡೀಲಿ ಕೆಲಸ ಮಾಡ್ತೀನಿ. ನಿಟುವಳ್ಳಿ ಅಕ್ಕ ಹೇಳಿದ್ದೆಲ್ಲ ಸರಿ, ಆದರೆ ಬಡಗಿ ಮಾಡಿದ್ದೆಲ್ಲ ಗಟ್ಟಿ ಅಂದ್ಕೋಬೇಡ್ರಿ. ರೇಟ್ ಇಳಿಸೋಕೆ ಎಂಆರ್ ಗ್ರೇಡ್ ಪ್ಲೈ ಹಾಕಿ ‘ವಾಟರ್‌ಪ್ರೂಫ್’ ಅನ್ನೋರು ಇದಾರೆ. ಎಂಆರ್ ಅಂದರೆ ತೇವ ತಡೆಯುತ್ತೆ ಅಷ್ಟೇ, ನೀರಲ್ಲ. ಹಲಗೆ ಮೇಲಿನ ಮುದ್ರೆ ನೋಡ್ರಿ. ಐಎಸ್ 303 (ಪ್ಲೈವುಡ್‌ನ ಭಾರತೀಯ ಮಾನಕದ ನಂಬರ್) ಅಂತ ಇದ್ದರೆ ಸಾಲದು, ಎಂಆರ್ ಕೂಡ ಅದರಲ್ಲೇ ಬರುತ್ತೆ. ಜೊತೆಗೆ ಬಿಡಬ್ಲ್ಯೂಆರ್, ಅಂದರೆ ಕುದಿಯೋ ನೀರನ್ನೂ ತಡೆಯೋದು, ಅಂತ ಇರಬೇಕು. ಸಿಂಕಿನ ಕೆಳಗೆ ಆದರೆ ಐಎಸ್ 710, ಅಂದರೆ ಮರೀನ್ ಪ್ಲೈ.

ಆನ್‌ಲೈನಲ್ಲಿ ‘ಎಂಜಿನಿಯರ್ಡ್ ವುಡ್’ ಅಂತ ಬರೆದಿರ್ತಾರೆ. ಅದರೊಳಗೆ ಪಾರ್ಟಿಕಲ್ ಬೋರ್ಡೂ ಬಂತು, ಮರದ ನಾರು ಒತ್ತಿ ಮಾಡೋ ಎಂಡಿಎಫೂ ಬಂತು. ಯಾವುದು, ಎಷ್ಟು ದಪ್ಪ ಅಂತ ಕೇಳ್ರಿ. ವಾರ್ಡ್‌ರೋಬಿಗೆ 18 ಮಿಲಿಮೀಟರ್‌ಗಿಂತ ಕಡಿಮೆ ಆದರೆ ನಾನಂತೂ ತಗೊಳ್ಳಲ್ಲ. ಹಿಂದಿನ ತೆಳು ಹಲಗೇನ ಯಾವ ಕಾರಣಕ್ಕೂ ಬಿಡಬೇಡ್ರಿ, ಪೆಟ್ಟಿಗೆ ವಾಲದಂಗೆ ಹಿಡಿಯೋದೇ ಅದು. ಮಕ್ಕಳಿದ್ದರೆ ಗೋಡೆಗೆ ಕ್ಲ್ಯಾಂಪ್ ಹಾಕಿಸ್ರಿ. ಹೊಸದರಲ್ಲಿ ಕಣ್ಣು ಉರಿಸೋ ವಾಸನೆ ಇರುತ್ತೆ, ಅಂಟಿನ ಫಾರ್ಮಾಲ್ಡಿಹೈಡ್ ಅದು. ಕೆಲವು ದಿನ ಕಿಟಕಿ, ಬಾಗಿಲು ತೆಗೆದಿಡ್ರಿ, ಅದು ಕಡಿಮೆ ಬಿಡೋ ಹಲಗೆಗೆ ಹಾಕೋ ಇ1 ಅಂತ ಗುರುತಿರೋದು ತಗೊಳ್ರಿ.

ಎಸ್.ಎಸ್. ಲೇಔಟ್
ನಂದು ಚಿಕ್ಕದು. 2022ರಲ್ಲಿ ಬೆಂಗಳೂರು ನಾಗಸಂದ್ರದ ಐಕಿಯಾ ಫರ್ನಿಚರ್ ಅಂಗಡಿ ಶುರುವಾದಾಗ ಹೈವೇ ಹಿಡಿದರೆ ದಾರೀಲೇ ಸಿಗುತ್ತಲ್ಲ ಅಂತ ಕಾರಲ್ಲಿ ಹೊರಟ್ವಿ. ಡಬ್ಬ ಆರಡಿ ಮೇಲಿತ್ತು, ನಮ್ಮ ಕಾರಿನ ಹಿಂದಿನ ಸೀಟು ಮಡಚಿದರೂ ಬಾಗಿಲು ಹಾಕಲಿಲ್ಲ. ಅಳತೆ ನೋಡದೆ ಹೋದ ತಪ್ಪು ನಮ್ಮದೇ. ಟೇಬಲ್ ಒಂದು ತಂದ್ವಿ, ನಾನೂ ಮಗಳೂ ಆಲನ್ ಕೀ ಹಿಡಿದು ಮುಕ್ಕಾಲು ಗಂಟೇಲಿ ಜೋಡಿಸಿದ್ವಿ. ಈಗಲೂ ಗಟ್ಟಿ ಇದೆ.

ಬೇರೆ ಕಡೆಯಿಂದ ವಾರ್ಡ್‌ರೋಬ್ ತರಿಸಿದಾಗ ‘ಜೋಡಿಸೋರು ನಾಳೆ ಬರ್ತಾರೆ’ ಅಂತ ಹನ್ನೊಂದು ದಿನ ಹೇಳಿದರು. ಅಷ್ಟು ದಿನ ರಟ್ಟಿನ ಡಬ್ಬಗಳ ಸಂದೀಲಿ ಮಲಗಿದ್ವಿ. ಬಂದ ಮೇಲೆ ನೋಡಿದರೆ ಒಂದು ಹಲಗೆಯ ಮೂಲೆ ಮುರಿದಿತ್ತು. ಡಬ್ಬ ತೆಗೆಯುವಾಗಲೇ ವಿಡಿಯೋ ಮಾಡಿದ್ದಕ್ಕೆ ಬದಲಿ ಕೊಟ್ಟರು.

ವಿದ್ಯಾನಗರ (ಕೇಳಿದವರು)
ಎಲ್ಲರಿಗೂ ಥ್ಯಾಂಕ್ಸ್. ಟೇಬಲ್, ಟಿವಿ ಸ್ಟ್ಯಾಂಡ್ ಆನ್‌ಲೈನೇ, ಬುಷ್ ಇವತ್ತೇ ತರ್ತೀನಿ. ವಾರ್ಡ್‌ರೋಬ್ ಬೇಡ, ಸದ್ಯಕ್ಕೆ ಕಬ್ಬಿಣದ ಬೀರು. ಮಂಚಕ್ಕೆ ಅಮ್ಮ ಗೆದ್ದರು. ಊರಿಂದ ಅಣ್ಣ ಫೋಟೋ ಕಳಿಸಿದಾನೆ, ಅದರ ಮೇಲೆ ಎರಡು ಮೂಟೆ ಮೆಕ್ಕೆಜೋಳ, ಕೆಳಗೆ ಕೋಳಿ. ನಾಲ್ಕು ಬೋಲ್ಟಲ್ಲಿ ಒಂದು ಕಾಣ್ತಿಲ್ಲ. ಪಿ.ಬಿ. ರಸ್ತೆ ಅಣ್ಣ, ಅಷ್ಟು ಹಳೇ ಬೋಲ್ಟ್ ನಿಮ್ಮ ಕಡೆ ಎಲ್ಲಾದರೂ ಸಿಗುತ್ತಾ?