ತಡೆಯ ಮೇಲಿನ 'ಸ್ಲ್ಯಾಟ್'ಗೆ ಕನ್ನಡದಲ್ಲಿ ಏನು? (ಕುದುರೆ ಸ್ಪರ್ಧೆಯ ಪದಗಳು, ತುರ್ತು)

ಎಲ್ಲರಿಗೂ ನಮಸ್ಕಾರ. ಸವಾರರು ಕುದುರೆಯನ್ನು ಸಾಲು ತಡೆಗಳ ಮೇಲೆ ಹಾರಿಸುವ ಸ್ಪರ್ಧೆಯಾದ ಶೋ ಜಂಪಿಂಗ್‌ನ ಮೊದಲ ಕಾಲದ (1900ರ ಪ್ಯಾರಿಸ್ ಒಲಿಂಪಿಕ್ಸ್, 1907ರಲ್ಲಿ ಲಂಡನ್ನಿನ ಒಲಿಂಪಿಯಾ ಸಭಾಂಗಣದ ಕುದುರೆ ಪ್ರದರ್ಶನ, 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್) ಬಗೆಗಿನ ಅನುವಾದವೊಂದು ನಾಳೆ ಮಧ್ಯಾಹ್ನ ಅಚ್ಚಿಗೆ ಹೋಗಬೇಕು. 'ಶೋ ಜಂಪಿಂಗ್'ಗೆ 'ಅಶ್ವಲಂಘನ' ಎಂದು ಹಾಕಿದ್ದೇನೆ. 'ಸ್ಲ್ಯಾಟ್' ಎಂದರೆ ತಡೆಯ ನೆತ್ತಿಯ ಮೇಲೆ ಇಡುತ್ತಿದ್ದ ತೆಳ್ಳನೆಯ ಮರದ ಪಟ್ಟಿ. ಗೊರಸು ತಾಗಿ ಬಿದ್ದರೆ ಅರ್ಧ ಫಾಲ್ಟ್. 'ರೀಪು' ಆದೀತೇ? 'ಫಾಲ್ಟ್'ಗೆ 'ದಂಡಾಂಕ' ಎಲ್ಲ ಕಡೆ ನಡೆಯುತ್ತದೆಯೇ?

*

ಅಶ್ವಲಂಘನ ಬೇಡವೇ ಬೇಡ. ಪ್ಯಾರಿಸ್‌ನಲ್ಲಿ ಕುದುರೆಗಳಿಗೇ ಎತ್ತರ ಜಿಗಿತ, ಉದ್ದ ಜಿಗಿತ ಅಂತ ಪ್ರತ್ಯೇಕ ಸ್ಪರ್ಧೆಗಳಿದ್ದವು. ಎತ್ತರದಲ್ಲಿ ಫ್ರಾನ್ಸಿನ ಗಾರ್ದೇರ್, ಇಟಲಿಯ ಟ್ರಿಸ್ಸಿನೋ ಇಬ್ಬರೂ 1.85 ಮೀಟರ್‌ಗೆ ಸಮ. ಉದ್ದದಲ್ಲಿ ಬೆಲ್ಜಿಯಮ್ಮಿನ ವಾನ್ ಲಾಂಗೆಂಡಾಂಕ್ 6.10 ಮೀಟರ್. ಲಂಘನ ಅಂದರೆ ಮೂರೂ ಒಂದೇ ಆಗಿಬಿಡುತ್ತವೆ. ಸಾಲಾಗಿ ತಡೆ ದಾಟುವುದಕ್ಕೆ 'ತಡೆಜಿಗಿತ' ಅನ್ನಿ. 'ತಡೆ ಓಟ' ಹೇಗೂ ಬಳಕೆಯಲ್ಲಿದೆ.

*

ದಂಡಾಂಕ ಲಂಡನ್ನಿಗೆ ಸರಿ. ಮುಂಗಾಲು ತಡೆಯನ್ನು ಕೆಡವಿದರೆ 4, ಹಿಂಗಾಲಾದರೆ 2, ಪಟ್ಟಿ ಬಿದ್ದರೆ ½, ಹೀಗೆ ಕೂಡುತ್ತ ಹೋಗುವ ಲೆಕ್ಕ. ಸ್ಟಾಕ್‌ಹೋಮ್‌ನಲ್ಲಿ ಕಳೆಯುವ ಲೆಕ್ಕ: ಒಂದು ಜಿಗಿತಕ್ಕೆ 10ರಂತೆ ಒಟ್ಟು 190, ಗೆದ್ದ ಕಾರಿಯೂಗೆ 186. ಅಲ್ಲಿ 'ಕಡಿತ' ಎಂದೇ ಬರೆಯಿರಿ. ಇಲ್ಲವಾದರೆ ಓದುಗ 186 ದಂಡಾಂಕ ಅಂದುಕೊಳ್ಳುತ್ತಾನೆ.

ರೀಪು ಒಪ್ಪುವುದಿಲ್ಲ. ರೀಪನ್ನು ಪಕಾಸಿಗೆ ಮೊಳೆ ಹೊಡೆದು ಕೂರಿಸುತ್ತಾರೆ. ಇದಕ್ಕೆ ಮೊಳೆಯೇ ಇರಬಾರದು, ಸೋಕಿದರೆ ಸಾಕು, ಉದುರಬೇಕು; ಕಾಲು ತಾಗಿತೋ ಇಲ್ಲವೋ ಎಂಬ ಜಗಳ ತೀರುವುದೇ ಅದರಿಂದ. 'ದಬ್ಬೆ' ಹಾಕಿ. ಅಡಿಕೆ ದಬ್ಬೆ ಕಂಡವರಿಗೆ ಅದರ ಹಗುರ ಗೊತ್ತು.

*

ದಬ್ಬೆ ಒಪ್ಪಿದೆ. ರೀಪು ಇಂಗ್ಲಿಷಿನ 'ರೀಪರ್', ಬಿಸಾಡಿ. ಅದರ ಜೊತೆಗೆ, ಜಿಗಿತದ ಸವಾರಿಯನ್ನೇ ಬದಲಿಸಿದ ಇಟಲಿಯ ಸೇನಾಧಿಕಾರಿ ಕ್ಯಾಪ್ರಿಲ್ಲಿಯ ಭಾಗ ಬಂದಾಗ ರಿಕಾಪು (ಸವಾರ ಕಾಲಿಡುವ ಕೊಂಡಿ), ಜೀನು, ಲಗಾಮು ಅಂತ ಬರೆಯಬೇಡಿ. ಅಂಕವಣೆ, ಹಲ್ಲಣ, ಕಡಿವಾಣ ಇರುವಾಗ ಪಾರ್ಸಿಯ ಸಾಲ ಯಾಕೆ?

*

ಮರಾಠಿಯಲ್ಲಿ ಅದೇ ಅರ್ಥದ 'ರೀಪ್' ಇದೆ. ಇಂಗ್ಲಿಷಿನಿಂದಲೇ ಬಂತು ಎನ್ನುವ ಮೊದಲು ಅದನ್ನು ನೋಡಿ. ಇನ್ನು ಹಲ್ಲಣ: ಸಂಸ್ಕೃತದ ಪರ್ಯಾಣ, ಪ್ರಾಕೃತದ ಪಲ್ಲಾಣ, ನಮ್ಮ ಪಲ್ಲಣ, ಆಮೇಲೆ ಹಲ್ಲಣ. ಅದೂ ಸಾಲವೇ. ಹಳೆಯ ಸಾಲ ಸ್ವಂತ ಆಸ್ತಿ, ಹೊಸದು ಮಾತ್ರ ಸಾಲ ಎನ್ನುವುದು ಯಾವ ನ್ಯಾಯ?

ಕ್ಯಾಪ್ರಿಲ್ಲಿಯ ಭಾಗದಲ್ಲಿ ಸ್ಪಷ್ಟತೆ ಮುಖ್ಯ. ಹಳೆಯ ಸವಾರರು ಜಿಗಿತದಲ್ಲಿ ಹಿಂದಕ್ಕೆ ಒರಗಿ ಲಗಾಮು ಜಗ್ಗುತ್ತಿದ್ದರು. ಬಾಯಿ ನೊಂದ ಕುದುರೆ ಕತ್ತು ಎತ್ತುತ್ತದೆ, ಬೆನ್ನು ಕುಸಿಯುತ್ತದೆ, ಹಿಂಗಾಲು ದಬ್ಬೆಗೆ ಬಡಿಯುತ್ತದೆ. ಕ್ಯಾಪ್ರಿಲ್ಲಿ ರಿಕಾಪು ಗಿಡ್ಡ ಮಾಡಿ, ಮುಂದಕ್ಕೆ ಬಾಗಿ, ಕುದುರೆಯ ಬೆನ್ನಿನ ಮೇಲಿನ ಭಾರ ತೆಗೆದು, ಕತ್ತು ಚಾಚಿದಷ್ಟೂ ಕೈಯನ್ನು ಮುಂದಕ್ಕೆ ಬಿಟ್ಟ. ಇಲ್ಲಿ 'ಅಂಕವಣೆ' ಹಾಕಿದರೆ ಓದುಗ ಅಲ್ಲೇ ನಿಘಂಟು ಹುಡುಕಬೇಕು.

*

ಹುಡುಕಲಿ. ಬಳಸದೆ ಯಾವ ಪದವೂ ಉಳಿಯದು.

*

ತಡೆಜಿಗಿತ, ದಬ್ಬೆ, ಲಂಡನ್ನಿಗೆ ದಂಡಾಂಕ, ಸ್ಟಾಕ್‌ಹೋಮ್‌ಗೆ ಕಡಿತ ಎಂದು ತಿದ್ದಿದೆ. ರಿಕಾಪು ಹಾಗೇ ಇಟ್ಟಿದ್ದೇನೆ. ತಡೆಯ ಮುಂದೆ ಬಂದು ಕುದುರೆ ಗಕ್ಕನೆ ನಿಲ್ಲುವುದಕ್ಕೆ 'ನಿರಾಕರಣೆ' ಸರ್ಕಾರಿ ಕಾಗದದಂತೆ ಕೇಳುತ್ತದೆ. 'ಮೊಂಡುನಿಲುವು' ಹೇಗೆ? ಬೆಳಿಗ್ಗೆ ಹತ್ತರೊಳಗೆ ಹೇಳಿ.